ಭಾವನ ಆಸ್ಕರ್, ನಮ್ಮನೆ ನಿಯಾನ್: ಒಂದೇ ಟ್ಯಾಂಕಲ್ಲಿ ಆಗುತ್ತಾ? ಮೈಸೂರು ಮಂಡ್ಯದವ್ರು ಹೇಳಿ

ಕುವೆಂಪುನಗರ_ಮೀನ್ಮನೆ:
ಎಲ್ರಿಗೂ ನಮಸ್ಕಾರ. ವಿಷ್ಯ ಏನಪ್ಪಾ ಅಂದ್ರೆ ನಮ್ ಭಾವಂಗೆ ಪುಣೆಗೆ ಟ್ರಾನ್ಸ್‌ಫರ್ ಆಗಿದೆ, ಅವ್ರ 4 ಅಡಿ ಮೀನಿನ ಟ್ಯಾಂಕು ಸ್ಟ್ಯಾಂಡು ಫಿಲ್ಟರ್ ಎಲ್ಲಾ ಸಮೇತ ನಮ್ಮನೆಗೆ ಬರ್ತಾ ಇದೆ, ದುಡ್ಡು ಏನೂ ಬೇಡ ಅಂದಿದಾರೆ. ಆದ್ರೆ ಒಳಗಿರೋ ಮೀನೂ ಜೊತೇಲೇ ಬರ್ತವೆ: ಒಂದು ಆಸ್ಕರ್, 8 ಇಂಚು ಇರ್ಬೋದು, ಒಂದು ರೆಡ್ ಟೈಲ್ ಶಾರ್ಕ್, ಒಂದಡಿ ಹತ್ರ ಇರೋ ಒಂದು ಸಕ್ಕರ್. ನನ್ ಹತ್ರ ಈಗ ಇರೋದು 3 ಅಡಿದು, ಅದ್ರಲ್ಲಿ ಎರಡು ಏಂಜಲ್, ಒಂದು ಡಜನ್ ನಿಯಾನ್, ಆರು ಕೋರಿ (ತಳದಲ್ಲಿ ಓಡಾಡೋ ಪುಟ್ಟ ಮೀನು), ಗಪ್ಪಿ ಲೆಕ್ಕಕ್ಕೇ ಇಲ್ಲ. ಹಾಲಲ್ಲಿ ಎರಡು ಟ್ಯಾಂಕ್ ಇಡಕ್ಕೆ ಮನೆಯವ್ಳು ಸುತಾರಾಂ ಒಪ್ಪಲ್ಲ, ಹಂಗಾಗಿ ಎಲ್ಲಾನೂ 4 ಅಡಿಗೆ ಹಾಕ್ಬಿಟ್ಟು 3 ಅಡಿದು ಕೊಟ್ಬಿಡೋಣ ಅಂತ ಪ್ಲಾನು. ಭಾವ ಹೇಳೋದು ಆಸ್ಕರ್ ತುಂಬಾ ಸಾಧು, ಕೈಯಿಂದಾನೇ ಪೆಲೆಟ್ (ಮೀನಿನ ಕಾಳು) ತಿನ್ನುತ್ತೆ, ಏನೂ ಮಾಡಲ್ಲ ಅಂತ. ಅಂಗಡೀಲಿ ಕೇಳಿದ್ರೆ ಮಧ್ಯ ಪಾರ್ಟಿಷನ್ ಹಾಕ್ಸಿ ಅಂದ್ರು. ಏನ್ಮಾಡ್ಲಿ?

ಹೈದ_ಮಂಡ್ಯ:
ಆಯ್ತದೆ ಕಣಣ್ಣ, ಯಾಕಾಗಕಿಲ್ಲ. ಎರಡ್ ದಿನ ಎಲ್ಲಾ ಒಟ್ಟಿಗೆ ಇರ್ತವೆ. ಮೂರ್ನೇ ದಿನ ಆಸ್ಕರ್ ಒಂದೇ ಇರ್ತದೆ, ಅದೂ ಹೊಟ್ಟೆ ತುಂಬ್ಕಂಡು.

ಸರಸ್ವತಿಪುರಂ_ಅಕ್ವಾ:
ಮಂಡ್ಯದವರು ತಮಾಷೆಗೆ ಹೇಳಿದ್ರೂ ನಿಜಾನೇ ಹೇಳಿದಾರೆ. ನಿಮ್ಮ ಭಾವ ಹೇಳಿದ್ದೂ ಸುಳ್ಳಲ್ಲ, ಆಸ್ಕರ್ ಮನುಷ್ಯರ ಹತ್ರ ಬಹಳ ಚೆನ್ನಾಗಿ ಹೊಂದ್ಕೊಳುತ್ತೆ, ಗಾಜಿನ ಹತ್ರ ಯಾರು ಬಂದ್ರು ಅಂತ ಗುರುತು ಹಿಡಿಯುತ್ತೆ. ಆದ್ರೆ ನಿಯಾನ್ ತಿನ್ನೋದಕ್ಕೂ ಅದರ ಸ್ವಭಾವಕ್ಕೂ ಸಂಬಂಧ ಇಲ್ಲ. ನಿಯಾನ್ ದೊಡ್ಡದಾದ್ರೂ ಒಂದೂವರೆ ಇಂಚು ಮೀರಲ್ಲ, ಆಸ್ಕರ್ ಬೆಳೆದ್ರೆ 12 ಇಂಚು. ಅದು ಅಟ್ಟಿಸ್ಕೊಂಡು ಹೋಗಿ ಕಚ್ಚಿ ಸಾಯಿಸಿ ಏನೂ ತಿನ್ನಲ್ಲ. ಸುಮ್ನೆ ಪಕ್ಕದಲ್ಲಿ ನಿಂತಿರುತ್ತೆ, ಬಾಯಿ ಗಬಕ್ಕನೆ ತೆಗೆಯುತ್ತೆ, ನೀರಿನ ಜೊತೆ ಮೀನೂ ಒಳಗೆ ಹೋಗುತ್ತೆ, ಅಷ್ಟೇ. ಕಣ್ಣು ಮಿಟುಕಿಸೋ ಅಷ್ಟರಲ್ಲಿ ಆಗೋಗಿರುತ್ತೆ, ಪಕ್ಕದಲ್ಲಿರೋ ಇನ್ನೊಂದು ನಿಯಾನ್‌ಗೂ ಗೊತ್ತಾಗಿರಲ್ಲ. ಹೆಚ್ಚಾಗಿ ಆಗೋದು ಲೈಟ್ ಆರಿಸಿದ ಮೇಲೆ, ಅದಕ್ಕೇ ಜನ "ನಮ್ಮ ಆಸ್ಕರ್ ಏನೂ ಮಾಡಲ್ಲ, ನಿಯಾನ್ ಎಲ್ಲೋ ಕಾಣ್ತಿಲ್ಲ" ಅಂತ ಬರೀತಾರೆ.

ಕೋರಿ ಬಗ್ಗೆ ಒಂದು ಮಾತು, ಯಾರೂ ಹೇಳಲ್ಲ ಇದನ್ನ. ಕೋರಿಗೆ ಪಕ್ಕದ ರೆಕ್ಕೇಲಿ ಗಟ್ಟಿ ಮುಳ್ಳಿರುತ್ತೆ, ಹೆದರಿದಾಗ ಅದನ್ನ ಅಗಲ ಮಾಡಿ ಲಾಕ್ ಮಾಡುತ್ತೆ. ಆಸ್ಕರ್ ಬಾಯಿಗೆ ಹಾಕ್ಕೊಂಡ್ರೆ ಗಂಟಲಲ್ಲಿ ಸಿಕ್ಕಾಕೊಂಡು ಎರಡೂ ಸಾಯ್ತವೆ. ಅಂದ್ರೆ ನಿಯಾನ್ ಹೋದ್ರೆ ನಿಯಾನ್ ಮಾತ್ರ ಹೋಯ್ತು, ಕೋರಿ ಹೋದ್ರೆ ಆಸ್ಕರೂ ಹೋಯ್ತು.

ಸಿಕ್ಲಿಡ್_ವಿಜಯನಗರ:
ಮೇಡಂ ಹೇಳಿದ್ದು ಸರಿ, ಅದಕ್ಕೆ ಒಂಚೂರು ಸೇರಿಸ್ತೀನಿ. ನೆಟ್ಟಲ್ಲಿ ಚಾರ್ಟ್ ಇರುತ್ತಲ್ಲ, ಹಸಿರು ಕೆಂಪು ಚೌಕ ಹಾಕಿ ಇದಕ್ಕೆ ಅದು ಆಗುತ್ತೆ ಆಗಲ್ಲ ಅಂತ, ಅದನ್ನ ನಂಬ್ಕೊಂಡು ಕೂತ್ರೆ ಅರ್ಧ ವಿಷ್ಯ ತಪ್ಪೋಗುತ್ತೆ. ಯಾಕಂದ್ರೆ ಅದ್ರಲ್ಲಿ ಎಲ್ಲಾ ಥರದ ಜಗಳಾನೂ ಒಂದೇ ಕೆಂಪು ಬಣ್ಣ. ಆಸ್ಕರ್ ನಿಯಾನ್ ತಿನ್ನೋದು ಊಟ, ಅದಕ್ಕೆ ಏನ್ ಮಾಡಿದ್ರೂ ಮದ್ದಿಲ್ಲ, 10 ಅಡಿ ಟ್ಯಾಂಕ್ ಕಟ್ಸಿದ್ರೂ ತಿನ್ನುತ್ತೆ. ರೆಡ್ ಟೈಲ್ ಶಾರ್ಕ್ ಓಡಿಸ್ಕೊಂಡು ಹೋಗೋದು ಜಾಗಕ್ಕೆ, ಅದಕ್ಕೆ ಜಾಗ ಕೊಟ್ರೆ, ಕಣ್ಣಿಗೆ ಮರೆ ಮಾಡಿದ್ರೆ ಮುಕ್ಕಾಲು ಪಾಲು ಕಡಿಮೆ ಆಗುತ್ತೆ. ಟೈಗರ್ ಬಾರ್ಬ್ ರೆಕ್ಕೆ ಕಡಿಯೋದು ಇನ್ನೊಂದು ಥರ, ಗುಂಪು ಸಾಲ್ದೇ ಇದ್ರೆ ಜಾಸ್ತಿ. ಮತ್ತೆ ಮೊಟ್ಟೆ ಇಟ್ಟಾಗ ಬರೋ ಸಿಟ್ಟು ಬೇರೆ, ಅದು ಆಮೇಲೆ ಇಳಿಯುತ್ತೆ. ಇವೆಲ್ಲಕ್ಕೂ ಒಂದೇ ಹೆಸರಿಟ್ಟು "ಅಗ್ರೆಸಿವ್" ಅಂದ್ಬಿಟ್ರೆ ಯಾವುದನ್ನ ಸರಿ ಮಾಡ್ಬೋದು ಯಾವುದು ಆಗಲ್ಲ ಅನ್ನೋದೇ ಗೊತ್ತಾಗಲ್ಲ.

ಆಸ್ಕರ್ ಪ್ರಶ್ನೆ ಮುಗೀತು, ಬೇಡ. ಉಳಿದಿದ್ದಕ್ಕೆ ಬನ್ನಿ.

ಅಂಗಡಿ_ಹುಡ್ಗ:
ನಾನು ಅಕ್ವೇರಿಯಂ ಅಂಗಡೀಲಿ ಕೆಲ್ಸ ಮಾಡೋನು (ಯಾವ ಅಂಗಡಿ ಅಂತ ಕೇಳ್ಬೇಡಿ). ಪಾರ್ಟಿಷನ್ ಅಂದಿದ್ದಕ್ಕೆ ಎಲ್ರೂ ಬೈಯೋಕೆ ಮುಂಚೆ ಹೇಳ್ತೀನಿ, ಪಾರ್ಟಿಷನ್ ಕೆಲ್ಸ ಮಾಡುತ್ತೆ ಆದ್ರೆ ಲೆಕ್ಕ ನೋಡಿ ಸಾರ್. 4 ಅಡಿ ಒಂದೂವರೆ ಒಂದೂವರೆ ಅಂದ್ರೆ 9 ಘನ ಅಡಿ, ಹೆಚ್ಚು ಕಮ್ಮಿ 255 ಲೀಟರ್. ಒಬ್ಬನೇ ಆಸ್ಕರ್‌ಗೇ 280 ಲೀಟರ್ ಬೇಕು ಅಂತಾರೆ. ಅದನ್ನ ಅರ್ಧ ಮಾಡಿದ್ರೆ ಅದಕ್ಕೆ ತಿರುಗೋಕೂ ಸರಿಯಾಗಿ ಜಾಗ ಇರಲ್ಲ, ಉದ್ದ ಎರಡಡಿ, ಮೀನೇ ಒಂದಡಿ ಆಗುತ್ತೆ. ಮತ್ತೆ ನೀರು ಎರಡೂ ಕಡೆ ಒಂದೇ ತಾನೆ, ಆಸ್ಕರ್ ಮಾಡೋ ಗಲೀಜು ಎಲ್ಲಾ ನಿಯಾನ್ ಕುಡೀಬೇಕು. ಟೆಂಪರರಿ ಆದ್ರೆ ತೂತಿರೋ ಅಕ್ರಿಲಿಕ್ ಶೀಟ್ ಹಾಕಿ, ಪರ್ಮನೆಂಟ್ ಬೇಡ.

ನಾವೂ ಹೇಳ್ತೀವಿ, ಕಸ್ಟಮರ್ ಕೇಳಲ್ಲ ಸಾರ್. ಬಂದು ಒಂದೊಂದು ತೊಟ್ಟಿಗೂ ಬೆಟ್ಟು ಮಾಡಿ ಇದೊಂದು ಜೊತೆ ಅದೊಂದು ಜೊತೆ ಅಂತಾರೆ. ಮರಿ ಆಸ್ಕರ್ ಎರಡಿಂಚು ಇರುತ್ತೆ, ಮುದ್ದಾಗಿರುತ್ತೆ, ಇದು ಒಂದಡಿ ಆಗುತ್ತೆ ಅಂದ್ರೆ ನಗ್ತಾರೆ.

ಹೈದ_ಮಂಡ್ಯ:
ಎಲ್ಲಾ ಅಂಗ್ಡಿಯವ್ರೂ ನಿಮ್ಮಂಗೆ ಯೋಳಕಿಲ್ಲ ಬುಡಿ. ನಮ್ಮೂರ್ ಕಡೆ ಒಬ್ರು ಪಿರಾನ್ಹಾ ಅಂತ ಕೊಟ್ರು ನಮ್ ಸ್ನೇಹಿತಂಗೆ, ಹುಡ್ಗ ಬೆರಳು ಹಾಕಕ್ಕೂ ಎದರ್ಕತಿದ್ದ. ನೋಡುದ್ರೆ ರೂಪ್‌ಚಂದು! ಕೆರೆ ಗುತ್ತಿಗೆಯವ್ರು ಸಾಕಿ ಕೆಜಿ ಲೆಕ್ಕದಲ್ಲಿ ಮಾರೋ ಮೀನು.

ಸಿಕ್ಲಿಡ್_ವಿಜಯನಗರ:
ಹಹ್ಹಾ ಹೌದು, ಪಾಕು ಅದು, ಹಣ್ಣು ಕಾಳು ಕಚ್ಚೋ ಹಲ್ಲು, ನಮ್ಮ ಹಲ್ಲಿನ ಥರಾನೇ ಚಪ್ಪಟೆ ಇರುತ್ತೆ. ಆದ್ರೆ ಎರಡಡಿ ಬೆಳೆಯುತ್ತೆ, ಮನೇಲಿ ಇಡೋ ಮೀನೇ ಅಲ್ಲ.

ಕುವೆಂಪುನಗರ_ಮೀನ್ಮನೆ:
ಅಯ್ಯೋ ಇಷ್ಟೊಂದ್ ಉತ್ತರ ಬಂದಿದೆ, ಥ್ಯಾಂಕ್ಸ್ ಎಲ್ರಿಗೂ. ಸರಿ ಆಸ್ಕರ್ ಬೇಡ ಅಂತ ಒಪ್ಕೊಂಡೆ, ಭಾವಂಗೆ ಹೇಳೋದು ಹೆಂಗೆ ಅಂತ ಆಮೇಲೆ ನೋಡ್ತೀನಿ. ಹಂಗಾದ್ರೆ ಶಾರ್ಕ್ ಮತ್ತೆ ಸಕ್ಕರ್ ಇಟ್ಕೋಬೋದಾ? ಮತ್ತೆ ಮಗ ಟೈಗರ್ ಬಾರ್ಬ್ ಬೇಕು ಅಂತ ಹಠ ಹಿಡಿದಿದಾನೆ, ಒಂದ್ ನಾಲ್ಕು ಹಾಕ್ಲಾ?

ಸಿಕ್ಲಿಡ್_ವಿಜಯನಗರ:
ನಾಲ್ಕು ಹಾಕೋದೇ ತಪ್ಪು. ಟೈಗರ್ ಬಾರ್ಬ್ ಹಾಕಿದ್ರೆ ಕಡಿಮೆ ಅಂದ್ರೂ ಎಂಟು ಹತ್ತು ಇರ್ಬೇಕು. ಒಂದ್ಸಲ ಕೂತ್ಕೊಂಡು ನೋಡಿ ಅವನ್ನ, ಎರಡು ಎದುರಾ ಬದರಾ ತಲೆ ಕೆಳಗೆ ಮಾಡ್ಕೊಂಡು ನಿಲ್ತವೆ, ರೆಕ್ಕೆ ಬಿಡಿಸ್ತವೆ, ಒಂದು ಸೋತು ಹೋಗುತ್ತೆ, ಗೆದ್ದಿದ್ದು ಇನ್ನೊಂದರ ಹತ್ರ ಹೋಗುತ್ತೆ. ಇಡೀ ದಿನ ಯಾರು ಮೇಲೆ ಯಾರು ಕೆಳಗೆ ಅನ್ನೋ ಇದೇ ಪಂಚಾಯ್ತಿ. ಹತ್ತು ಇದ್ರೆ ಆ ಪಂಚಾಯ್ತಿ ಅವುಗಳ ಒಳಗೇ ಮುಗಿಯುತ್ತೆ. ನಾಲ್ಕೇ ಇದ್ರೆ ಕೆಳಗಿನವನು ಕೋಪ ತೀರಿಸ್ಕೊಳ್ಳೋಕೆ ಏಂಜಲ್ ಹತ್ರ ಬರ್ತಾನೆ.

ಮತ್ತೆ ಹತ್ತು ಇದ್ರೂ ಏಂಜಲ್ ಜೊತೆ ಬೇಡ. ಏಂಜಲ್‌ಗೆ ಹೊಟ್ಟೆ ಕೆಳಗೆ ಎರಡು ದಾರ ಇಳಿಬಿದ್ದಿರುತ್ತಲ್ಲ, ಅದನ್ನ ನೋಡಿದ್ರೆ ಬಾರ್ಬ್‌ಗೆ ತಡೆಯೋಕಾಗಲ್ಲ. ಮೊದಲು ಅದು ತುಂಡಾಗುತ್ತೆ, ಆಮೇಲೆ ಬಾಲದ ತುದಿ. ಗಪ್ಪಿ ಗಂಡುಗಳ ಬಾಲಾನೂ ಅಷ್ಟೇ. ಗಪ್ಪಿ ಏಂಜಲ್ ಗೌರಾಮಿ ಫೈಟರ್, ಅಂದ್ರೆ ನಿಧಾನಕ್ಕೆ ಈಜೋ ಉದ್ದ ರೆಕ್ಕೆಯ ಯಾವುದೂ ಟೈಗರ್ ಬಾರ್ಬ್ ಜೊತೆ ಬೇಡ. ಮಗ ಕೆಂಪು ಮೀನು ಓಡಾಡೋದು ನೋಡ್ಬೇಕು ಅಂದ್ರೆ ಚೆರ್ರಿ ಬಾರ್ಬ್ ಕೊಡ್ಸಿ, ಪಾಪದ ಮೀನು, ಹತ್ತು ಹನ್ನೆರಡು ಹಾಕಿದ್ರೆ ನೋಡಕ್ಕೆ ಚೆನ್ನಾಗಿರುತ್ತೆ.

ಸರಸ್ವತಿಪುರಂ_ಅಕ್ವಾ:
ಸಕ್ಕರ್ ವಿಷ್ಯ ಹೇಳ್ತೀನಿ. ಇದು ಕ್ಲೀನಿಂಗ್ ಮಾಡುತ್ತೆ ಅಂತ ಎಲ್ರೂ ತರ್ತಾರೆ, ಚಿಕ್ಕದಿದ್ದಾಗ ಗಾಜಿನ ಪಾಚಿ ತಿನ್ನೋದು ನಿಜ, ದೊಡ್ಡದಾದ ಮೇಲೆ ಅದೇ ಎಲ್ಲಕ್ಕಿಂತ ಜಾಸ್ತಿ ಗಲೀಜು ಮಾಡುತ್ತೆ. ಅದಕ್ಕಿಂತ ಮುಖ್ಯ, ರಾತ್ರಿ ಹೊತ್ತು ಅಗಲ ಮೈ ಇರೋ ಮೀನು ಸುಮ್ನೆ ನಿಂತಿದ್ರೆ ಅದರ ಪಕ್ಕಕ್ಕೆ ಅಂಟ್ಕೊಂಡು ಮೈ ಮೇಲಿನ ಲೋಳೆ ಹೀರುತ್ತೆ. ಏಂಜಲ್, ಡಿಸ್ಕಸ್, ಗೋಲ್ಡ್ ಫಿಷ್, ಇವಕ್ಕೆ ಕಾಟ. ಬೆಳಿಗ್ಗೆ ನೋಡಿದ್ರೆ ಮೈ ಮೇಲೆ ಬೆಳ್ಳಗೆ ದುಂಡು ಮಚ್ಚೆ, ಅಲ್ಲಿ ಹೊಳಪಿರಲ್ಲ, ಏನೋ ಕಾಯಿಲೆ ಅಂತ ಔಷಧಿ ಹಾಕ್ತಾರೆ. ಹೊಟ್ಟೆಗೆ ಸರಿಯಾಗಿ ಹಾಕಿದ್ರೆ ಕಡಿಮೆ, ಸೌತೆಕಾಯಿ ಬಿಲ್ಲೆ ರಾತ್ರಿ ಕೆಳಗೆ ಮುಳುಗಿಸಿ ಇಡಿ. ಆದ್ರೆ ಒಂದಡಿ ಸಕ್ಕರ್ ನಿಮ್ಮ ಏಂಜಲ್ ಜೊತೆ ನಾನಾದ್ರೆ ಇಡಲ್ಲ.

ಹೊಸಬ_ಹೂಟಗಳ್ಳಿ:
ಮಧ್ಯ ಬಂದಿದ್ದಕ್ಕೆ ಸಾರಿ. ಫೈಟರ್ ಜೊತೆ ಗಪ್ಪಿ ಇಡ್ಬೋದಾ? ಒಂದಡಿ ಟ್ಯಾಂಕು.

ಸಿಕ್ಲಿಡ್_ವಿಜಯನಗರ:
ಬೇಡ ಗುರು. ಗಂಡು ಗಪ್ಪಿ ಬಣ್ಣದ ಬಾಲ ನೋಡಿ ಫೈಟರ್ ಅದೂ ಇನ್ನೊಂದು ಫೈಟರ್ ಅಂದ್ಕೊಳುತ್ತೆ. ಒಂದಡೀಲಿ ಓಡೋಗೋಕೂ ಜಾಗ ಇಲ್ಲ. ಫೈಟರ್ ಒಂದೇ ಇರ್ಲಿ, ಮೇಲೆ ಮುಚ್ಚಳ ಹಾಕಿ, ಆದ್ರೆ ನೀರಿಗೂ ಮುಚ್ಚಳಕ್ಕೂ ಮಧ್ಯ ಗ್ಯಾಪ್ ಬಿಡಿ, ಅದು ಮೇಲೆ ಬಂದು ಗಾಳಿ ಕುಡಿಯೋ ಮೀನು.

ಹೊಸಬ_ಹೂಟಗಳ್ಳಿ:
ಓಕೆ ಅಣ್ಣ.

ನೀರು_ನೋಡೋ_ಮೇಷ್ಟ್ರು:
ಸ್ವಲ್ಪ ಬೇರೆ ಕಡೆಯಿಂದ ಹೇಳ್ತೀನಿ, ನಾನು ಕೆಮಿಸ್ಟ್ರಿ ಪಾಠ ಮಾಡೋನು, ಬೇಜಾರಾದ್ರೆ ಸ್ಕ್ರಾಲ್ ಮಾಡಿ. ಎಲ್ರೂ ಯಾವ ಮೀನು ಯಾವ ಮೀನಿಗೆ ಕಚ್ಚುತ್ತೆ ಅಂತಾನೇ ಮಾತಾಡ್ತಾ ಇದೀರಿ. ಟ್ಯಾಂಕ್ ಶಿಫ್ಟ್ ಮಾಡೋವಾಗ ಸಾಯೋ ಮೀನುಗಳಲ್ಲಿ ಕಚ್ಚಿಸ್ಕೊಂಡು ಸಾಯೋದಕ್ಕಿಂತ ಅಮೋನಿಯಾಗೆ (ಮೀನಿನ ಗಲೀಜಿಂದ ನೀರಿಗೆ ಸೇರೋ ವಿಷ) ಸಾಯೋದೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ನಿಮ್ಮ ಭಾವನ ಫಿಲ್ಟರ್ ಒಳಗಿನ ಸ್ಪಾಂಜು, ಸೆರಾಮಿಕ್ ಉಂಗುರ ಇವುಗಳಲ್ಲಿ ಅಮೋನಿಯಾನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಇರ್ತವೆ. ಶಿಫ್ಟ್ ಮಾಡೋ ದಿನ ಯಾರೋ ಪುಣ್ಯಾತ್ಮರು ಅದನ್ನ ನಲ್ಲಿ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳ್ದು ಬಿಸಿಲಿಗೆ ಒಣಗಿಸ್ತಾರೆ, ಅಲ್ಲಿಗೆ ಎಲ್ಲಾ ಮುಗೀತು, ಹೊಸದಾಗಿ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಹಂಗಾಗಿ ಆ ಸ್ಪಾಂಜನ್ನ ಅದೇ ಟ್ಯಾಂಕ್ ನೀರಲ್ಲಿ ಮುಳುಗಿಸಿ ಬಕೆಟ್‌ನಲ್ಲಿ ತನ್ನಿ, ಮುಚ್ಚಳ ಬಿಗಿ ಮಾಡ್ಬೇಡಿ, ಅದೇ ದಿನ ಮತ್ತೆ ಫಿಲ್ಟರ್ ಓಡಿಸಿ.

ಬೋರ್ ನೀರು ಹಾಕೋರು ಇನ್ನೊಂದು ನೆನಪಿಟ್ಕೊಳಿ, ಪಿಹೆಚ್ (ನೀರು ಆಮ್ಲಾನಾ ಕ್ಷಾರಾನಾ ಅನ್ನೋ ಅಳತೆ) ಜಾಸ್ತಿ ಇದ್ದಷ್ಟೂ, ನೀರು ಬೆಚ್ಚಗಿದ್ದಷ್ಟೂ ಅಷ್ಟೇ ಅಮೋನಿಯಾ ಹೆಚ್ಚು ವಿಷ ಆಗುತ್ತೆ. ಏಪ್ರಿಲ್ ತಿಂಗಳಲ್ಲಿ ಬೋರ್ ನೀರಿನ ಟ್ಯಾಂಕಲ್ಲಿ ಮೀನು ಜಾಸ್ತಿ ತುಂಬೋದು ಅಂದ್ರೆ ಕೈಯಾರೆ ತೊಂದ್ರೆ ತಂದ್ಕೊಂಡಂಗೆ.

ಕಡಿತಾನಾ ಕಾಯಿಲೇನಾ ಅಂತ ಹೆಂಗೆ ಗೊತ್ತಾಗುತ್ತೆ ಅಂತ ಯಾರಾದ್ರೂ ಕೇಳ್ತೀರ, ಮುಂಚೇನೇ ಹೇಳ್ತೀನಿ. ಕಚ್ಚಿದ್ದು ಆದ್ರೆ ರೆಕ್ಕೆ ಅಂಚಿನಿಂದ ಒಂದು ತುಂಡು ಹೋಗಿರುತ್ತೆ, ಅಂಚು ಸ್ವಚ್ಛ ಇರುತ್ತೆ, ಅಕ್ಕಪಕ್ಕದ್ದು ಚೆನ್ನಾಗೇ ಇರುತ್ತೆ. ಕೊಳೆತ ಅಂದ್ರೆ ಅಂಚಲ್ಲಿ ಬಿಳಿ ಗೆರೆ ಅಥವಾ ಕೆಂಪು, ಅಂಚು ಎಳೆ ಎಳೆ ಆಗಿ, ದಿನಾ ಸ್ವಲ್ಪ ಸ್ವಲ್ಪ ಬುಡದ ಕಡೆಗೆ ಹೋಗ್ತಾ ಇರುತ್ತೆ. ಕಚ್ಚಿದ ಗಾಯಕ್ಕೂ ನೀರು ಕೆಟ್ಟಿದ್ರೆ ಆಮೇಲೆ ಕೊಳೆತ ಬರುತ್ತೆ, ಅದು ಬೇರೆ ಮಾತು.

ಹೈದ_ಮಂಡ್ಯ:
ಮೇಷ್ಟ್ರೇ ನಮ್ ಬೋರ್ ನೀರು ಒಸಿ ಜಾಸ್ತೀನೇ ಗಡಸು, ನಲ್ಲಿ ಮ್ಯಾಗೆಲ್ಲಾ ಬೆಳ್ಳಗೆ ಕಟ್ಕತದೆ. ಅದ್ಕೇ ನಾನು ನಿಯಾನು ಡಿಸ್ಕಸು ಅಂತ ಆಸೇನೇ ಬುಟ್ಬುಟ್ಟೆ.

ಸಿಕ್ಲಿಡ್_ವಿಜಯನಗರ:
ನಿಮ್ಮ ನೀರಿಗೆ ಮಲಾವಿ ಸಿಕ್ಲಿಡ್ ಹೇಳಿ ಮಾಡಿಸ್ದಂಗಿದೆ. ಆಫ್ರಿಕಾದ ಮಲಾವಿ ಸರೋವರದ ಬಂಡೆ ಮೇಲಿನ ಪಾಚಿ ತಿನ್ಕೊಂಡಿರೋ ಮೀನು, ಪಿಹೆಚ್ 7.8ರಿಂದ 8.6. ನನ್ನ ಟ್ಯಾಂಕ್ ನೋಡಿದವ್ರು ಎಲ್ರೂ ಕೇಳ್ತಾರೆ ಇಷ್ಟೊಂದು ತುಂಬಿದೀರಲ್ಲ ಅಂತ. ಬೇಕು ಅಂತಾನೇ ತುಂಬಿರೋದು. ಕಡಿಮೆ ಇದ್ರೆ ದೊಡ್ಡ ಗಂಡು ಒಂದನ್ನೇ ಹಿಡ್ಕೊಂಡು ಸಾಯೋ ತನಕ ಬಿಡಲ್ಲ. ಜಾಸ್ತಿ ಇದ್ರೆ ಯಾರ ಮೇಲೆ ಹೋಗ್ಬೇಕು ಅಂತ ಗೊತ್ತಾಗ್ದೆ ಏಟು ಹಂಚಿ ಹೋಗುತ್ತೆ. ಒಂದು ಗಂಡಿಗೆ ಮೂರು ಹೆಣ್ಣು, ಕಲ್ಲು ಗುಡ್ಡೆ ಗುಡ್ಡೆ ಜೋಡ್ಸಿ ಒಬ್ರಿಗೊಬ್ರು ಕಾಣ್ದಂಗೆ, ಫಿಲ್ಟರ್ ಡಬಲ್. ಇದನ್ನ ನೋಡಿ "ತುಂಬಿದ್ರೆ ಜಗಳ ಕಮ್ಮಿ" ಅಂತ ಏಂಜಲ್ ಟ್ಯಾಂಕಲ್ಲಿ ಮಾಡ್ಬೇಡಿ ಮತ್ತೆ. ಅಲ್ಲಿ ಉಲ್ಟಾ. ಮಲಾವಿ ಮೀನಿನ ಜೊತೆ ಏಂಜಲ್ ಹಾಕೋದೂ ಬೇಡ, ಅದು ಅಮೆಜಾನ್ ಕಡೆಯ ಮೆತ್ತನೆ ನೀರಿನ ಮೀನು, ಜಗಳ ಆಡ್ದೇ ಇದ್ರೂ ಒಂದಕ್ಕೆ ನೀರು ಒಗ್ಗಲ್ಲ.

ಹೈದ_ಮಂಡ್ಯ:
ಸಿಕ್ಲಿಡ್ ಅಂದ್ರೆ ನಮ್ ಜಿಲೇಬಿ ಮೀನೂ ಅದೇ ಜಾತಿ ಅಲ್ವಾ? ಕೆರೇಲಿ ನೀರು ಕಮ್ಮಿ ಆದಾಗ ನೋಡ್ಬೇಕು ನೀವು, ದಡದಲ್ಲಿ ತಟ್ಟೆ ತಟ್ಟೆ ಅಗಲ ಗುಳಿ, ಒಂದೊಂದ್ರಲ್ಲೂ ಒಂದ್ ಗಂಡು ಕಾವಲು. ಪಕ್ಕದ್ ಗುಳಿಯೋನು ಒಸಿ ಗೆರೆ ದಾಟುದ್ರೆ ಮೂತಿಗೆ ಮೂತಿ ಕೊಟ್ಟು ತಳ್ಳಾಡ್ತವೆ. ಮರಿನ ಬಾಯಲ್ಲಿ ಇಟ್ಕಂಡು ಸಾಕ್ತವೆ.

ಸಿಕ್ಲಿಡ್_ವಿಜಯನಗರ:
ಅದೇ ಕುಟುಂಬ, ತಿಲಾಪಿಯಾ. ಬಾಯಲ್ಲಿ ಮರಿ ಮಾಡೋದು ಹೆಣ್ಣು, ಗುಳಿ ಕಾಯೋದು ಗಂಡು. 1952ರಲ್ಲಿ ನಮ್ಮ ದೇಶಕ್ಕೆ ತಂದಿದ್ದು, ಈಗ ಯಾವ ಕೆರೇಲಿ ಇಲ್ಲ ಹೇಳಿ.

ಬೋಗಾದಿ_ಬಾಯ್ಸ್:
ಇಷ್ಟೆಲ್ಲಾ ಯಾಕೆ, ಆಸ್ಕರ್ ಮತ್ತೆ ಸಕ್ಕರ್ ಎರಡೂ ತಗೊಂಡೋಗಿ ಕುಕ್ಕರಹಳ್ಳಿ ಕೆರೆಗೆ ಬಿಟ್ಬಿಡಿ ಬ್ರೋ. ಆರಾಮಾಗಿ ಇರ್ತವೆ, ಪುಣ್ಯಾನೂ ಬರುತ್ತೆ.

ಸರಸ್ವತಿಪುರಂ_ಅಕ್ವಾ:
ದಯವಿಟ್ಟು ಇಂಥ ಸಲಹೆ ಕೊಡ್ಬೇಡಿ. ಬಿಟ್ಟ ಮೀನು ಒಂದೋ ಸಾಯುತ್ತೆ, ಇಲ್ಲಾ ಅಲ್ಲಿರೋದನ್ನ ಸಾಯಿಸುತ್ತೆ. ಸಕ್ಕರ್ ಅಂತೂ ಗಟ್ಟಿ ಪ್ರಾಣಿ, ದಡದ ಮಣ್ಣಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ, ಮೈ ಪೂರ್ತಿ ಗಟ್ಟಿ ಚಿಪ್ಪು, ಬಲೆಗೆ ಬಿದ್ರೆ ಬಲೇನೇ ಹರಿಯುತ್ತೆ, ತಿನ್ನೋರು ಯಾರೂ ಇಲ್ಲ. ನಮ್ಮ ದೇಶದ ಎಷ್ಟೋ ಕೆರೆ ಹೊಳೇಲಿ ಈಗ ಅದೇ. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ತು, ಅದು ಅಮೆರಿಕದ ಮೀನು, ತಾನಾಗೇ ಈಜ್ಕೊಂಡು ಬಂತಾ ಇಲ್ಲಿಗೆ? ನಮ್ಮ ಕಾವೇರಿ ಕಡೆಯ ಕಿತ್ತಳೆ ರೆಕ್ಕೆಯ ಮಹಶೀರ್ ಮೀನು 2018ರಿಂದ ಅಳಿವಿನ ಅಂಚಿನ ಪಟ್ಟೀಲಿದೆ. ಇರೋದಕ್ಕೇ ಜಾಗ ಇಲ್ಲ, ಇನ್ನು ನಮ್ಮನೆ ಟ್ಯಾಂಕ್ ಮೀನೂ ಅಲ್ಲಿಗೆ ತಗೊಂಡೋಗಿ ಸುರೀಬೇಕಾ. ಪುಣ್ಯ ಬೇಕಾದ್ರೆ ಬೇರೆ ಏನಾದ್ರೂ ಮಾಡಿ.

ಬೋಗಾದಿ_ಬಾಯ್ಸ್:
ಸರಿ ಮೇಡಂ, ಗೊತ್ತಿರ್ಲಿಲ್ಲ. ಸುಮ್ನೆ ಹೇಳ್ದೆ.

ಹೈದ_ಮಂಡ್ಯ:
ಅಣ್ಣ ಆಸ್ಕರ್ ನಂಗೆ ಕೊಡಿ. ತಮಾಷೆ ಅಲ್ಲ. ನನ್ ಹತ್ರ 6 ಅಡಿ 2 ಅಡಿ 2 ಅಡಿ ಟ್ಯಾಂಕ್ ಐತೆ, 680 ಲೀಟರ್ ಹಿಡೀತದೆ. ಅದ್ರಲ್ಲಿ ಒಂದು ಆಸ್ಕರ್ ಐತೆ, ಸಿಲ್ವರ್ ಡಾಲರ್ ಆರು ಔವೆ. ಸಕ್ಕರ್ ಕೂಡ ಕೊಟ್ರೆ ತಗತೀನಿ, ನಂದು ಇನ್ನೂ ಚಿಕ್ದು ಸತ್ತೋಯ್ತು ಹೋದ್ ಬ್ಯಾಸಗೇಲಿ ಕರೆಂಟ್ ಓಗಿ.

ಕುವೆಂಪುನಗರ_ಮೀನ್ಮನೆ:
ನಿಜವಾಗ್ಲೂ? ಅಣ್ಣ ದೊಡ್ಡ ಉಪಕಾರ ಆಗುತ್ತೆ. ಆದ್ರೆ ಎರಡು ಆಸ್ಕರ್ ಒಟ್ಟಿಗೆ ಬಿಟ್ರೆ ಹೊಡೆದಾಡಲ್ವಾ? ನನ್ನ ಟ್ಯಾಂಕ್ ಜಗಳ ತಪ್ಪಿಸೋಕೆ ಹೋಗಿ ನಿಮ್ಮನೇಲಿ ಶುರು ಮಾಡ್ಸಿದಂಗೆ ಆಗ್ಬಾರ್ದು.

ಸಿಕ್ಲಿಡ್_ವಿಜಯನಗರ:
ಹೊಡೆದಾಡ್ತವೆ, ಸ್ವಲ್ಪ ದಿನ. ಹಳೆಯವನಿಗೆ ಇಡೀ ಆರಡಿ ತನ್ನದು ಅಂತ ಗೊತ್ತಾಗಿರುತ್ತೆ. ಹೊಸಬನ್ನ ಬಿಡೋಕೆ ಮುಂಚೆ ಒಳಗಿರೋ ಕಲ್ಲು ಮರ ಎಲ್ಲಾ ಜಾಗ ಬದಲಾಯಿಸಿಬಿಡಿ, ಹಳೆಯವನಿಗೂ ತನ್ನ ಗಡಿ ಎಲ್ಲಿ ಅಂತ ಗೊತ್ತಾಗ್ಬಾರ್ದು. ಲೈಟ್ ಆಫ್ ಮಾಡಿ ಬಿಡಿ. ಹಳೆಯವನಿಗೆ ಹೊಟ್ಟೆ ತುಂಬಾ ಊಟ ಹಾಕಿ ಆಮೇಲೆ ಬಿಡಿ. ಮೊದಲ ಒಂದು ವಾರ ತೂತಿರೋ ಶೀಟ್ ಮಧ್ಯ ಇಟ್ರೆ ಇನ್ನೂ ಒಳ್ಳೇದು, ನೋಡ್ಕೊಂಡು ಒಗ್ಗಿಕೊಳ್ತವೆ. ಸೈಜ್ ಎರಡೂ ಹತ್ತಿರ ಹತ್ತಿರ ಇದ್ರೆ ಬಾಯಿ ಬಾಯಿ ಹಿಡ್ಕೊಂಡು ಎಳೆದಾಡ್ತವೆ, ನೋಡೋಕೆ ಭಯ ಆಗುತ್ತೆ, ಅದು ತೀರ್ಮಾನ ಆಗೋಕೆ ಬೇಕಾದ ಜಗಳ. ಆದ್ರೆ ಒಂದು ಮೂಲೇಲಿ ಮೇಲುಗಡೆ ಓರೆಯಾಗಿ ನಿಂತ್ಬಿಟ್ಟು, ಮೈ ಬಣ್ಣ ಕಪ್ಪಾಗಿ, ಊಟಕ್ಕೂ ಬರ್ದೇ ಇದ್ರೆ ತಡ ಮಾಡ್ಬೇಡಿ, ತೆಗೆದ್ಬಿಡಿ.

ಸಿಲ್ವರ್ ಡಾಲರ್ ಇರೋದು ಒಳ್ಳೇದಾಯ್ತು. ಅವು ಬಾಯಿಗೆ ಹಿಡಿಸಲ್ಲ, ಚುರುಕು, ಇಡೀ ಟ್ಯಾಂಕ್ ಸುತ್ತಾಡ್ತಾ ಇರ್ತವೆ, ಆಸ್ಕರ್ ಗಮನ ಒಂದೇ ಕಡೆ ನಿಲ್ಲಲ್ಲ.

ಸರಸ್ವತಿಪುರಂ_ಅಕ್ವಾ:
ಮಂಡ್ಯ ಅಣ್ಣ, ಆಸ್ಕರ್‌ಗೆ ಗೋಲ್ಡ್ ಫಿಷ್ ತಂದು ಹಾಕೋ ಅಭ್ಯಾಸ ಇದ್ರೆ ಬಿಡಿ. ವಿಡಿಯೋ ಮಾಡೋಕೆ ಚೆನ್ನಾಗಿರುತ್ತೆ ಅಷ್ಟೇ. ಗೋಲ್ಡ್ ಫಿಷ್ ಮಾಂಸದಲ್ಲಿ ವಿಟಮಿನ್ ಬಿ1 ಹಾಳು ಮಾಡೋ ಅಂಶ ಇದೆ, ಜೊತೆಗೆ ರೋಗಾನೂ ಬರುತ್ತೆ. ಒಳ್ಳೆ ಪೆಲೆಟ್, ಆಗಾಗ ಸಿಪ್ಪೆ ತೆಗೆದ ಸೀಗಡಿ ಸಾಕು.

ಹೈದ_ಮಂಡ್ಯ:
ಇಲ್ಲ ಅಕ್ಕ, ಪೆಲೆಟ್ಟೇ ಹಾಕೋದು. ಗೋಲ್ಡ್ ಫಿಷ್ ರೇಟ್ ನೋಡುದ್ರೆ ಅದ್ಕಿಂತ ನಾವೇ ಕೋಳಿ ತಿಂದ್ರೆ ಅಗ್ಗ.

ಕುವೆಂಪುನಗರ_ಮೀನ್ಮನೆ:
ಹಂಗಾದ್ರೆ ನನ್ನ 4 ಅಡೀಲಿ ಉಳಿಯೋದು ಏಂಜಲ್, ನಿಯಾನ್, ಕೋರಿ, ಗಪ್ಪಿ, ಶಾರ್ಕ್. ಇದು ಓಕೆ ತಾನೆ?

ಸರಸ್ವತಿಪುರಂ_ಅಕ್ವಾ:
ಪೂರ್ತಿ ಓಕೆ ಅನ್ನಲ್ಲ. ಏಂಜಲ್ ಸಾಧು ಅಂತ ಎಲ್ರೂ ಅಂದ್ಕೊಂಡಿದಾರೆ ನೋಡೋಕೆ ಹಂಗಿರೋದ್ರಿಂದ, ಅದೂ ಆಸ್ಕರ್ ಥರ ಸಿಕ್ಲಿಡ್ಡೇ. ನಿಮ್ಮ ಏಂಜಲ್ ಈಗ ಎಷ್ಟು ದೊಡ್ಡದಿದೆ? ಪೂರ್ತಿ ಬೆಳೆದ್ರೆ ನಿಯಾನ್ ಅದರ ಬಾಯಿಗೂ ಹಿಡಿಸುತ್ತೆ. ಚಿಕ್ಕದ್ರಿಂದ ಒಟ್ಟಿಗೆ ಬೆಳೆದಿದ್ರೆ ಎಷ್ಟೋ ಮನೇಲಿ ಏನೂ ಆಗಿಲ್ಲ, ಆದ್ರೆ ಹೊಸದಾಗಿ ಸಣ್ಣ ನಿಯಾನ್ ತಂದು ದೊಡ್ಡ ಏಂಜಲ್ ಇರೋ ಕಡೆ ಬಿಟ್ರೆ ಊಟ ಅಂದ್ಕೊಳುತ್ತೆ. ಗಪ್ಪಿ ಮರಿಗಳಂತೂ ಎಲ್ಲಾ ಏಂಜಲ್ ಪಾಲು. ಅದು ನಿಮಗೆ ಅನುಕೂಲಾನೇ ಬಿಡಿ, ಲೆಕ್ಕಕ್ಕೇ ಇಲ್ಲ ಅಂದ್ರಲ್ಲ.

ನಿಜವಾದ ಪರೀಕ್ಷೆ ಆ ಎರಡು ಏಂಜಲ್ ಜೋಡಿ ಆದ್ರೆ. ಮೊದಲು ಎಲೆ, ಇಲ್ಲಾ ಹೀಟರ್ ಪೈಪು, ಏನಾದ್ರೂ ನಿಲುವಾಗಿರೋದನ್ನ ಆರ್ಸ್ಕೊಂಡು ಬಾಯಲ್ಲಿ ಕುಟುಕಿ ಕುಟುಕಿ ಸ್ವಚ್ಛ ಮಾಡ್ತವೆ. ಎರಡು ಮೂರು ದಿನ ಇದೇ ಕೆಲ್ಸ. ಆಮೇಲೆ ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸ್ಕೊಂಡು ಹೋಗುತ್ತೆ, ಹಿಂದೇನೇ ಗಂಡು. ಅಲ್ಲಿಂದ ಎರಡೂ ಪಾಳಿ ಮೇಲೆ ಪಕ್ಕದ ರೆಕ್ಕೇಲಿ ಗಾಳಿ ಹಾಕ್ತಾ ನಿಲ್ತವೆ, ಬೆಳ್ಳಗಾದ ಮೊಟ್ಟೆ ಕಿತ್ತು ತಿಂತವೆ. ಎರಡು ಮೂರು ದಿನಕ್ಕೆ ಒಡೆಯುತ್ತೆ. ಅಷ್ಟು ದಿನ ಇಡೀ ಟ್ಯಾಂಕಿನ ಉಳಿದ ಮೀನೆಲ್ಲಾ ಫಿಲ್ಟರ್ ನೀರು ಬೀಳೋ ಮೂಲೇಲಿ ಗುಂಪಾಗಿ ನಿಂತಿರ್ತವೆ, ಯಾರೋ ಅಲ್ಲಿ ಗೆರೆ ಎಳೆದಿದಾರೇನೋ ಅನ್ಸುತ್ತೆ, ಕೋರಿ ಒಂದು ಆ ಕಡೆ ಹೋದ್ರೆ ಸಾಕು ಮೇಲಿಂದ ಬಂದು ಗುದ್ದುತ್ತೆ. ನಾಲ್ಕಡಿ ಇದ್ರೆ ಉಳಿದವಕ್ಕೆ ಹೋಗೋಕೆ ಜಾಗ ಇರುತ್ತೆ. ನಿಮ್ಮ 3 ಅಡೀಲಿ ಆಗಿದ್ರೆ ಕಷ್ಟ ಇತ್ತು.

ಸಿಕ್ಲಿಡ್_ವಿಜಯನಗರ:
ಶಾರ್ಕ್‌ಗೆ ನನ್ನ ಓಟು ಇದೆ, ಒಂದೇ ಇರೋವರೆಗೂ. ಹೆಸರು ಮಾತ್ರ ಶಾರ್ಕು, ಗೆಂಡೆ ಜಾತಿ ಅದು, ಥೈಲ್ಯಾಂಡ್ ಕಡೇದು, ಐದಾರು ಇಂಚು ಆಗುತ್ತೆ. ಅಲ್ಲಿನ ಹೊಳೆಗಳಲ್ಲಿ ಅದು ಈಗ ಹೆಚ್ಚು ಕಮ್ಮಿ ಇಲ್ಲ ಅನ್ನೋ ಸ್ಥಿತಿ, ಅಂಗಡಿಗೆ ಬರೋದೆಲ್ಲಾ ಫಾರಂದು. ಇನ್ನೊಂದು ರೆಡ್ ಟೈಲ್ ಆಗ್ಲಿ, ರೇನ್‌ಬೋ ಶಾರ್ಕ್ ಆಗ್ಲಿ, ತನ್ನ ಥರ ಕಾಣೋ ಯಾವುದನ್ನೂ ಅದು ಸಹಿಸಲ್ಲ. ಟ್ಯಾಂಕಿನ ಒಂದು ತುದೀಲಿ ಅದಕ್ಕೊಂದು ಗುಹೆ ಮಾಡ್ಕೊಡಿ, ಒಡೆದ ಹೂಕುಂಡ ಮಗುಚಿ ಹಾಕಿದ್ರೂ ಆಯ್ತು, ಕೋರಿ ಊಟ ಇನ್ನೊಂದು ತುದೀಲಿ ಹಾಕಿ. ಮತ್ತೆ ನೀವು ಮೀನು ಬಿಡೋ ಕ್ರಮ: ಮೊದಲು ನಿಯಾನ್ ಗಪ್ಪಿ ಕೋರಿ, ಅವು ಒಂದು ವಾರ ಎಲ್ಲಾ ಕಡೆ ಓಡಾಡ್ಲಿ, ಆಮೇಲೆ ಏಂಜಲ್, ಕೊನೇಲಿ ಶಾರ್ಕ್. ಶಾರ್ಕ್ ಈಗ ಅದೇ ಟ್ಯಾಂಕಲ್ಲಿ ಇದೆ ಅಂತ ಹಂಗೇ ಬಿಟ್ಟು ಉಳಿದವನ್ನ ಹಾಕ್ಬೇಡಿ, ಒಂದು ವಾರ 3 ಅಡೀಲಿ ಇಟ್ಟಿರಿ.

ಅಂಗಡಿ_ಹುಡ್ಗ:
ಸಾರ್ ಬಾಡಿಗೆ ಮನೆ ಮಹಡಿ ಮೇಲೆ ಆದ್ರೆ ಓನರ್‌ಗೆ ಒಂದು ಮಾತು ಹೇಳಿ. ನೀರೇ 255 ಕೆಜಿ, ಗಾಜು ಕಲ್ಲು ಸ್ಟ್ಯಾಂಡ್ ಸೇರಿದ್ರೆ 300 ಮೇಲೆ. ಗೋಡೆ ಪಕ್ಕ ಇಡಿ, ಹಾಲ್ ಮಧ್ಯ ಬೇಡ. ಸ್ಟ್ಯಾಂಡ್ ಮೇಲೆ ಥರ್ಮೋಕೋಲ್ ಹಾಕದೆ ಟ್ಯಾಂಕ್ ಇಡ್ಲೇಬೇಡಿ.

ಕುವೆಂಪುನಗರ_ಮೀನ್ಮನೆ:
ಕೆಳಗಡೆ ಮನೇನೇ, ತೊಂದ್ರೆ ಇಲ್ಲ. ಮಂಡ್ಯ ಅಣ್ಣ, ಭಾನುವಾರ ಬೆಳಿಗ್ಗೆ ಕಾರಲ್ಲಿ ತರ್ತೀನಿ, ಒಂದು ಗಂಟೆ ದಾರಿ. ಹೆಂಗೆ ತರ್ಬೇಕು? ಕವರ್‌ಗೆ ಹಾಕ್ಬೋದಾ?

ಹೈದ_ಮಂಡ್ಯ:
ಕವರ್ ಬ್ಯಾಡ, ಸಕ್ಕರ್ ಮುಳ್ಳಿಗೆ ಕಿತ್ತೋಯ್ತದೆ. ಮುಚ್ಚಳ ಇರೋ 20 ಲೀಟರ್ ಪೇಂಟ್ ಬಕೆಟ್ ಎರಡು ತಗಳಿ, ಸೋಪು ವಾಸ್ನೆ ಇರ್ಬಾರ್ದು. ಅರ್ಧ ಮಾತ್ರ ಟ್ಯಾಂಕ್ ನೀರು, ಮುಚ್ಚಳಕ್ಕೆ ತೂತು ಮಾಡಿ ಬ್ಯಾಟ್ರಿ ಏರ್ ಪಂಪ್ ಪೈಪು ಬುಡಿ. ಶನಿವಾರ ಊಟ ಹಾಕ್ಬ್ಯಾಡಿ, ಇಲ್ಲಾಂದ್ರೆ ದಾರೀಲೇ ನೀರೆಲ್ಲಾ ಹೇತ್ಕಂಡು ಹಾಳ್ ಮಾಡ್ಕತದೆ. ಎರಡ್ನೂ ಒಂದೇ ಬಕೆಟ್ಟಿಗೆ ಹಾಕ್ಬ್ಯಾಡಿ.

ಸರಸ್ವತಿಪುರಂ_ಅಕ್ವಾ:
ಇನ್ನೊಂದು, ಹೊಸ ಟ್ಯಾಂಕಿಗೆ ಬಿಟ್ಟ ತಕ್ಷಣ ಆಸ್ಕರ್ ತಳದಲ್ಲಿ ಮಗ್ಗುಲಾಗಿ ಮಲಗಿಬಿಡುತ್ತೆ, ಸತ್ತೇ ಹೋಯ್ತು ಅನ್ಸುತ್ತೆ. ಕಿವಿರು ಆಡ್ತಾ ಇದ್ರೆ ಸುಮ್ನೆ ಬಿಡಿ, ಮುನಿಸು ಅದು.

ಹೈದ_ಮಂಡ್ಯ:
ಅಪ್ಡೇಟು. ಆಸ್ಕರ್ ಬಂತು, ಅಕ್ಕ ಯೋಳ್ದಂಗೇ ಮಲಿಕ್ಕಂತು, ನಮ್ ಅವ್ವ ನೋಡಿ ಪಾಪ ಸತ್ತೋದ್ ಮೀನ್ ಯಾಕ್ಲಾ ತಂದ್ರು ಅಂತ ಕೇಳುದ್ರು. ಮಾರ್ನೇ ದಿನ ಎದ್ದು ಶೀಟ್ ಹತ್ರ ಬಂದು ನಮ್ ಹಳೇ ಆಸ್ಕರ್ನ ನೋಡ್ಕಂಡು ಕಿವಿರು ಉಬ್ಬಿಸ್ತು. ಪೆಲೆಟ್ ತಿಂತು. ನೆನ್ನೆ ಶೀಟ್ ತೆಗೆದೆ, ಬಾಯಿ ಬಾಯಿ ಹಿಡ್ಕಂಡು ಎಳೆದಾಡುದ್ವು, ನಮ್ಮೋನ ತುಟಿ ಹತ್ರ ಒಸಿ ಕಿತ್ತೋಗೈತೆ, ವಾಪಸ್ ಶೀಟ್ ಹಾಕ್ದೆ. ಸಕ್ಕರ್ ಆರಾಮು, ಸೌತೆಕಾಯಿ ತಿಂದು ಮರದ್ ಕೆಳಗೆ ಸೇರ್ಕಂಡದೆ.

ಸಿಕ್ಲಿಡ್_ವಿಜಯನಗರ:
ಕಲ್ಲು ಮರ ಜಾಗ ಬದಲಾಯಿಸಿದ್ರಾ ಶೀಟ್ ತೆಗೆಯೋಕೆ ಮುಂಚೆ?

ಹೈದ_ಮಂಡ್ಯ:
ಇಲ್ಲ ಕಣಣ್ಣ, ಆ ಕಲ್ಲು ಒಬ್ನೇ ಎತ್ತಕಾಗಕಿಲ್ಲ. ಶನಿವಾರ ಅಳಿಯ ಬತ್ತನೆ, ಇಬ್ರೂ ಸೇರ್ಕಂಡು ಎಲ್ಲಾ ಆಚೀಚೆ ಮಾಡ್ಬುಟ್ಟು ಸಂಜೆ ಲೈಟ್ ಆರಿಸಿ ಶೀಟ್ ತೆಗೀತೀನಿ.

ನೀರು_ನೋಡೋ_ಮೇಷ್ಟ್ರು:
ಕಲ್ಲು ಎತ್ತಿದಾಗ ಕೆಳಗಿನ ಕೊಳೆ ಎಲ್ಲಾ ಏಳುತ್ತೆ, ಅದೇ ದಿನ ಮೂರನೇ ಒಂದು ಪಾಲು ನೀರು ಬದಲಾಯಿಸಿ. ತುಟಿ ಗಾಯ ಬೆಳ್ಳಗೆ ಹತ್ತಿ ಥರ ಆದ್ರೆ ಫೋಟೋ ಹಾಕಿ ಇಲ್ಲಿ.